ಕೆಡವಿದ ಗೋಡೆಯ ಮರಳು, ಆರಿಸುವ ಕೈಯ ಕೂಲಿ

ಕೊಡಿಕೊಂಡವೆಂದರೆ ಹೊರಗಿನವರಿಗೆ ಹೆದ್ದಾರಿಯ ಒಂದು ಚೆಕ್‌ಪೋಸ್ಟಿನ ಹೆಸರು, ಅಷ್ಟೆ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ರಸ್ತೆಯಲ್ಲಿ ಬಾಗೇಪಲ್ಲಿಯನ್ನು ದಾಟಿ ಆಂಧ್ರದ ನೆಲವನ್ನು ಮೆಟ್ಟಿದೊಡನೆ ಸಿಗುವ ಊರು ಅದು. ಅಲ್ಲಿಂದ ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಹಿಂದೂಪುರ. ಈ ಸೀಮೆಯ ಜನರ ಮನೆಮಾತು ತೆಲುಗಾಗಿರಲಿ ಕನ್ನಡವಾಗಿರಲಿ, ಮಳೆ ಕೈಕೊಟ್ಟ ವರ್ಷ ಕೂಲಿ ಹುಡುಕಿ ಹೋಗುವ ದಿಕ್ಕು ಮಾತ್ರ ಒಂದೇ, ಬೆಂಗಳೂರು. ಅಲ್ಲಿ ಗೋಡೆ ಏಳುವಾಗ ಇಲ್ಲಿನ ಕೈ ಬೇಕು. ಗೋಡೆ ಬೀಳುವಾಗಲೂ ಇಲ್ಲಿನ ಕೈ ಬೇಕು. ಆದುದರಿಂದ ಕಟ್ಟಡದ ವಿಚಾರವನ್ನು ಇಂಜಿನಿಯರುಗಳಿಗೂ ಗುತ್ತಿಗೆದಾರರಿಗೂ ಬಿಟ್ಟುಕೊಟ್ಟು ನಾವು ಸುಮ್ಮನಿರಲಾಗದು.

ಈಚಿನ ದಿನಗಳಲ್ಲಿ ಎಲ್ಲೆಡೆ ಕೇಳಿಬರುತ್ತಿರುವ ಒಂದು ಮಾತನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ. ಕೆಡವಿದ ಕಟ್ಟಡದ ಇಟ್ಟಿಗೆ ಚೂರು, ಒಣಗಿದ ಗಾರೆಯ ಹೆಂಟೆ, ಕಾಂಕ್ರೀಟಿನ ತುಂಡು ಇವುಗಳನ್ನು ಪುಡಿಮಾಡಿ, ಜರಡಿ ಹಿಡಿದು, ಮರಳಿನ ಬದಲಿಗೆ ಹೊಸ ಗಾರೆಯಲ್ಲಿ ಬಳಸಬಹುದು ಎಂಬುದೇ ಆ ಮಾತು. ಇದು ಸಾಧ್ಯವೇ? ಸಾಧ್ಯ. ಒಳ್ಳೆಯದೇ? ಒಳ್ಳೆಯದು. ಯಾರಿಗೆ ಒಳ್ಳೆಯದು? ಈ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೊಳೆಗೆ ಒಳ್ಳೆಯದಾಗಿ, ಮನೆ ಕಟ್ಟಿಸುವವನಿಗೆ ಒಳ್ಳೆಯದಾಗಿ, ಆ ಕಸವನ್ನು ಕೈಯಲ್ಲಿ ಆರಿಸುವ ಹೆಂಗಸಿಗೆ ಮಾತ್ರ ಕೆಟ್ಟದಾಗುವುದಾದರೆ, ಅಂಥ ಒಳ್ಳೆಯದನ್ನು ನಾವು ಅರ್ಧ ಒಳ್ಳೆಯದೆಂದೇ ಎಣಿಸಬೇಕಾಗುತ್ತದೆ.

ಹೊಳೆಯ ಮರಳು ಎಲ್ಲಿಗೆ ಹೋಯಿತು?

ಮೊದಲು ಮರಳಿನ ಮಾತು. ನಮ್ಮ ಸೀಮೆಯ ಹೊಳೆಗಳು ವರ್ಷವಿಡೀ ಹರಿಯುವ ಹೊಳೆಗಳಲ್ಲ. ಬಾಗೇಪಲ್ಲಿಯ ಬಗಲಲ್ಲಿ ಹರಿದು ಆಂಧ್ರಕ್ಕೆ ಇಳಿಯುವ ಚಿತ್ರಾವತಿಯಾಗಲಿ, ಗೌರಿಬಿದನೂರಿನ ಕಡೆಯಿಂದ ಹಿಂದೂಪುರದತ್ತ ಬರುವ ಉತ್ತರ ಪಿನಾಕಿನಿಯಾಗಲಿ, ಮಳೆಗಾಲದಲ್ಲಿ ನಾಲ್ಕು ದಿನ ನೀರು ತೋರಿಸಿ ಉಳಿದ ಕಾಲ ಮರಳನ್ನೇ ತೋರಿಸುತ್ತವೆ. ಅನಂತಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು ೫೫೦ ಮಿಲಿಮೀಟರ್. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಆ ಮರಳೇ ನೀರಿನ ಕಣಜ. ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಬಾವಿಗಳಿಗೆ ಮೆಲ್ಲಗೆ ಬಿಟ್ಟುಕೊಡುವುದು ಮರಳಿನ ಪದರವೇ. ಪಾವಗಡ, ಮಧುಗಿರಿಯ ಕಡೆ ತಲಪರಿಗೆಗಳೆಂಬ ಒರತೆಗಳಿಂದ ಗದ್ದೆ ನೆನೆಸಿಕೊಂಡು ಬಾಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊಳೆಯ ಮರಳು ಹೋದರೆ ಒರತೆಯೂ ಹೋಗುತ್ತದೆ, ಒರತೆ ಹೋದರೆ ಒಕ್ಕಲುತನವೂ ಹೋಗುತ್ತದೆ. ಒಕ್ಕಲುತನ ಬಿಟ್ಟವನು ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಲ್ಲಿ ಅವನು ಬಾಂಡ್ಲಿಯಲ್ಲಿ ಹೊರುವುದು ಅದೇ ಮರಳನ್ನು!

ಇದು ನಮ್ಮ ಸೀಮೆಯ ಗೋಳು ಮಾತ್ರವಲ್ಲ. ಲೋಕದಲ್ಲಿ ವರ್ಷಕ್ಕೆ ಸುಮಾರು ೫,೦೦೦ ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೨ರಲ್ಲಿ ತಿಳಿಸಿತು. ನಮ್ಮ ದೇಶದಲ್ಲಿ ಹೊಳೆಗಳ ಸ್ಥಿತಿಯನ್ನು ಕಂಡು ಸರ್ವೋಚ್ಚ ನ್ಯಾಯಾಲಯವು ೨೦೧೨ರ ಫೆಬ್ರವರಿಯಲ್ಲಿ, ಐದು ಹೆಕ್ಟೇರಿಗಿಂತ ಕಿರಿದಾದ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದು ಆಜ್ಞೆ ಮಾಡಿತು. ಆ ಮೇಲೆ ಬಂಡೆಯನ್ನು ಅರೆದು ಮಾಡುವ ಎಂ-ಸ್ಯಾಂಡ್ ಮನೆಮಾತಾಯಿತು. ಅದರಿಂದ ಹೊಳೆಗೆ ಸ್ವಲ್ಪ ಉಸಿರು ಸಿಕ್ಕಿತು, ನಿಜ. ಆದರೆ ಹೊಳೆಯನ್ನು ಬಿಟ್ಟು ಬೆಟ್ಟವನ್ನು ಹಿಡಿದ ಹಾಗಾಯಿತು. ಬೆಟ್ಟವೂ ಒಂದು ದಿನ ಮುಗಿಯುವ ವಸ್ತುವೇ ಅಲ್ಲವೇ?

ಇತ್ತ ಮರಳಿಲ್ಲವೆಂಬ ಕೂಗು. ಅತ್ತ ಊರ ಹೊರಗೆ, ಕೆರೆಯಂಗಳದಲ್ಲಿ, ಚರಂಡಿಯ ದಡದಲ್ಲಿ, ರಸ್ತೆಯ ಮಗ್ಗುಲಲ್ಲಿ ಕೆಡವಿದ ಕಟ್ಟಡಗಳ ರಾಶಿ. ರಾತ್ರಿ ಟ್ರ್ಯಾಕ್ಟರು ಬಂದು ಸುರಿದು ಹೋದರೆ ಬೆಳಿಗ್ಗೆ ಅದು ಯಾರದೂ ಅಲ್ಲ. ಒಂದು ಕೈಗೆ ಕೊರತೆ, ಇನ್ನೊಂದು ಕೈಗೆ ಹೊರೆ. ಈ ಎರಡು ಕೈಗಳನ್ನು ಕೂಡಿಸುವುದೇ ಜಾಣತನ.

ಹಿರಿಯರ ಗಾರೆ

ಕೆಡವಿದ್ದನ್ನು ಮತ್ತೆ ಕಟ್ಟುವುದು ಹೊಸ ವಿದ್ಯೆಯೇನಲ್ಲ. ನಮ್ಮ ಹಳ್ಳಿಗಳ ಮಾಳಿಗೆ ಮನೆ ಬಿದ್ದಾಗ ಅದರಲ್ಲಿ ಎಸೆಯುವಂಥದು ಏನೂ ಇರುತ್ತಿರಲಿಲ್ಲ. ಕಲ್ಲು ಹೊಸ ಪಾಯಕ್ಕೆ ಹೋಗುತ್ತಿತ್ತು, ತೊಲೆ ಹೊಸ ಸೂರಿಗೆ ಹೋಗುತ್ತಿತ್ತು, ಹಳೆಯ ಗೋಡೆಯ ಮಣ್ಣನ್ನು ಗೊಬ್ಬರವೆಂದು ರೈತ ಗಾಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಹೊಡೆಯುತ್ತಿದ್ದ. ಗೋಡೆಯೆಂಬುದು ನೆಲದಿಂದ ಎರವಲು ತಂದದ್ದು, ಮರಳಿ ನೆಲಕ್ಕೇ ಸಲ್ಲುತ್ತಿತ್ತು.

ಇಟ್ಟಿಗೆ ಪುಡಿಯ ಗಾರೆಯೂ ನಮಗೆ ಹೊಸದಲ್ಲ. ಸುಟ್ಟ ಜೇಡಿಮಣ್ಣನ್ನು ಪುಡಿಮಾಡಿದ ಸುರ್ಕಿಯನ್ನು ಸುಣ್ಣದೊಡನೆ ಸೇರಿಸಿ, ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಗಾಲಿ ಉರುಳಿಸಿ, ಎತ್ತು ಕಟ್ಟಿ ಅರೆದು ಗಾರೆ ಮಾಡುತ್ತಿದ್ದರು. ೧೯೧೧ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಕಾವೇರಿಯ ನೀರನ್ನು ಅದು ಇಂದಿಗೂ ಹಿಡಿದು ನಿಲ್ಲಿಸಿದೆ. ಅಲ್ಲಿ ಬಳಸಿದ್ದು ಕೆಡವಿದ ಗೋಡೆಯ ಇಟ್ಟಿಗೆಯನ್ನಲ್ಲ, ಅದಕ್ಕೆಂದೇ ಸುಟ್ಟು ಪುಡಿಮಾಡಿದ ಮಣ್ಣನ್ನು ಎಂಬುದು ನಿಜ. ಆದರೆ ಒಳಗಿನ ಗುಣ ಒಂದೇ. ಹದವಾಗಿ ಸುಟ್ಟ ಮಣ್ಣಿನ ನುಣ್ಣನೆಯ ಪುಡಿ ನೀರಿನ ಸಂಗಡ ಸುಣ್ಣವನ್ನು ಹಿಡಿದುಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಸುಣ್ಣದ ಗಾರೆಗೆ ಬಳಸುವ ಇಟ್ಟಿಗೆ ಪುಡಿಗೆಂದೇ ಐ.ಎಸ್. ೩೧೮೨ ಎಂಬ ಮಾನಕವನ್ನು ಮಾಡಿಟ್ಟಿದೆ. ಅಂದರೆ ಅಜ್ಜಂದಿರ ವಿದ್ಯೆಗೆ ಸರಕಾರದ ಮುದ್ರೆಯೂ ಬಿದ್ದಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಸುಣ್ಣದ ಗಾರೆಯ ಗೋಡೆಯನ್ನು, ಮಣ್ಣಿನ ಗಾರೆಯ ಗೋಡೆಯನ್ನು ಕೆಡವಿದರೆ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ. ಗಟ್ಟಿ ಸಿಮೆಂಟ್ ಗಾರೆಯ ಗೋಡೆಯನ್ನು ಕೆಡವಿದರೆ ಗಾರೆ ಉಳಿದು ಇಟ್ಟಿಗೆ ಒಡೆಯುತ್ತದೆ. ಗೋಡೆ ಕಸವಾಗುವುದು ಅದು ಬೀಳುವ ದಿನವಲ್ಲ, ಕಟ್ಟುವ ದಿನವೇ. ನಮ್ಮ ಸುತ್ತಿನ ಗೂಡುಗಳಲ್ಲಿ ಸುಟ್ಟ ಸಾಮಾನ್ಯ ಇಟ್ಟಿಗೆಗೆ ಒಂದಕ್ಕೆ ಮೂರರ ಸಿಮೆಂಟ್ ಗಾರೆ ಹಾಕುವುದು ಹತ್ತಿಯ ಬಟ್ಟೆಗೆ ತಂತಿಯ ಹೊಲಿಗೆ ಹಾಕಿದಂತೆ. ಗಾರೆ ಇಟ್ಟಿಗೆಗಿಂತ ಸ್ವಲ್ಪ ಮೆತ್ತಗಿರಬೇಕೆಂಬುದು ಹಳೆಯ ಮೇಸ್ತ್ರಿಗಳ ಮಾತು. ಮಾನಕಗಳ ಲೆಕ್ಕವೂ ಅದನ್ನೇ ಹೇಳುತ್ತದೆ. ಒಂದಕ್ಕೆ ಆರರ ಸಿಮೆಂಟ್ ಗಾರೆಯಿಂದ ನಿರೀಕ್ಷಿಸುವ ಬಲ ಚದರ ಮಿಲಿಮೀಟರಿಗೆ ಮೂರು ನ್ಯೂಟನ್ ಮಾತ್ರ. ಗೋಡೆಯ ಗಾರೆಗೆ ಭಾರಿ ಬಲವೇನೂ ಬೇಕಿಲ್ಲ. ಈ ಕಾರಣದಿಂದಲೇ ಕೆಡವಿದ ಕಟ್ಟಡದ ಪುಡಿಗೆ ತಕ್ಕ ಜಾಗ ಗಾರೆ.

ಪುಡಿಯ ಗುಣ, ಪುಡಿಯ ದೋಷ

ಒಂದು ಘನ ಮೀಟರ್ ಇಟ್ಟಿಗೆ ಗೋಡೆ ಕಟ್ಟಲು ಹೆಚ್ಚು ಕಡಿಮೆ ಕಾಲು ಘನ ಮೀಟರ್ ಗಾರೆ ಬೇಕು. ಅಂದಮೇಲೆ ಕೆಡವಿದ ಗೋಡೆಯೊಂದು ಅಷ್ಟೇ ಉದ್ದದ ಹೊಸ ಗೋಡೆಗೆ ಬೇಕಾದ ಮರಳನ್ನು ತನ್ನೊಳಗೆ ಹೊತ್ತುಕೊಂಡೇ ಇರುತ್ತದೆ. ಎಲ್ಲ ಮರಳನ್ನೂ ಬದಲಿಸುವುದು ಬೇಡ. ನಾಲ್ಕು ಬಾಂಡ್ಲಿಗೆ ಒಂದು ಬಾಂಡ್ಲಿ ಬದಲಿಸಿದರೂ ಹೊಳೆಗೆ ಉಳಿಯುವುದು ಸಣ್ಣದಲ್ಲ.

ಆದರೆ ಈ ಪುಡಿಯ ಸ್ವಭಾವವನ್ನು ತಿಳಿಯದೆ ಕೈ ಹಾಕಿದರೆ ಕೆಲಸ ಕೆಡುತ್ತದೆ, ಹೆಸರು ಮೇಸ್ತ್ರಿಯದು ಕೆಡುತ್ತದೆ. ಹಳೆಯ ಇಟ್ಟಿಗೆ ಮತ್ತು ಹಳೆಯ ಗಾರೆಯ ಚೂರುಗಳಲ್ಲಿ ಸೂಕ್ಷ್ಮ ರಂಧ್ರಗಳು ಹೆಚ್ಚು. ಆದುದರಿಂದ ಹೊಳೆಯ ಮರಳಿಗಿಂತ ಇದಕ್ಕೆ ಬಾಯಾರಿಕೆ ಹೆಚ್ಚು. ಒಣ ಪುಡಿಯನ್ನು ನೇರವಾಗಿ ಕಲಸಿದರೆ ಸಿಮೆಂಟಿಗೆ ಸೇರಬೇಕಾದ ನೀರನ್ನು ಪುಡಿಯೇ ಕುಡಿದುಬಿಡುತ್ತದೆ, ಗಾರೆ ಬಿರಿಯುತ್ತದೆ. ಹಿಂದಿನ ದಿನವೇ ನೀರು ಚಿಮುಕಿಸಿ ನೆನೆಯಿಟ್ಟು, ಮೇಲಿನ ನೀರು ಆರಿದ ಮೇಲೆ ಕಲಸಬೇಕು. ಇನ್ನು ಧೂಳು. ಹಿಟ್ಟಿನಂಥ ಧೂಳು ಮಿತಿ ಮೀರಿದರೆ ಗಾರೆ ಹಿಡಿಯದು. ಒಂದು ಗಾಜಿನ ಸೀಸೆಯಲ್ಲಿ ಪುಡಿ ಮತ್ತು ನೀರು ಹಾಕಿ ಕುಲುಕಿ ಇಟ್ಟರೆ, ತಳದಲ್ಲಿ ಮರಳೆಷ್ಟು, ಮೇಲೆ ಮಡ್ಡಿಯೆಷ್ಟು ಎಂದು ಓದು ಬಾರದವನೂ ಓದಬಹುದು.

ಎಲ್ಲಕ್ಕಿಂತ ದೊಡ್ಡ ಶತ್ರುವೆಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಈಗಿನ ಮನೆಗಳ ಅಲಂಕಾರದ ಒಳಸೂರಿನಲ್ಲಿ ಇದು ಧಾರಾಳ. ಇದು ಜಿಪ್ಸಮ್ಮಿನಿಂದ ಆದದ್ದು. ಇದರ ಚೂರುಗಳು ಪುಡಿಯಲ್ಲಿ ಉಳಿದು ಸಿಮೆಂಟಿನ ಜೊತೆ ಸೇರಿದರೆ, ಗೋಡೆಗೆ ತೇವ ತಗುಲಿದಂತೆಲ್ಲ ಉಬ್ಬಿ ಗಾರೆಯನ್ನು ಒಡೆಯುತ್ತದೆ. ಮರದ ಚಕ್ಕೆ, ಪ್ಲಾಸ್ಟಿಕ್, ಬಣ್ಣ ಬಳಿದ ಸಿಪ್ಪೆ ಇವೂ ಸಲ್ಲವು. ಹಳೆಯ ಆಸ್ಬೆಸ್ಟಾಸ್ ಶೀಟಿನ ಚೂರನ್ನಂತೂ ಗಿರಣಿಯ ಹತ್ತಿರಕ್ಕೂ ತರಬಾರದು. ಅದರ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರಿಗೆ ದಾರಿ. ಉಪ್ಪು ಹತ್ತಿದ ಇಟ್ಟಿಗೆಯನ್ನು ಬಳಸಿದರೆ ಹೊಸ ಗೋಡೆಯೂ ಬೆಳ್ಳಗೆ ಪೊರೆ ಬಿಡುತ್ತದೆ.

ಎಲ್ಲಿ ಬಳಸಬಹುದು, ಎಲ್ಲಿ ಬಾರದು? ಆವರಣದ ಗೋಡೆ, ಒಳಗೋಡೆಯ ಕಟ್ಟಣೆ, ಒಳಗಿನ ಮೊದಲ ಪದರದ ಗಿಲಾವು, ನೆಲಗಟ್ಟಿನ ಕೆಳಹಾಸು ಇಲ್ಲಿಂದ ತೊಡಗುವುದು ಕ್ಷೇಮ. ಕಂಬ, ತೊಲೆ, ಚಾವಣಿ, ನೀರಿನ ತೊಟ್ಟಿ ಇವುಗಳಿಗೆ ಇಂಜಿನಿಯರನ ಪರೀಕ್ಷೆಯಿಲ್ಲದೆ ಮುಟ್ಟಲೇಬಾರದು. ಕಾಂಕ್ರೀಟಿಗೆ ಸಂಬಂಧಿಸಿದ ಐ.ಎಸ್. ೩೮೩ ಮಾನಕವು ೨೦೧೬ರಲ್ಲಿ ತಿದ್ದುಪಡಿಯಾದಾಗ, ಹಳೆಯ ಕಾಂಕ್ರೀಟಿನಿಂದ ಪಡೆದ ಪುಡಿ ಮತ್ತು ಜಲ್ಲಿಗೆ ಮಿತಿ ಹಾಕಿ ಅನುಮತಿ ಕೊಟ್ಟಿತು. ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ನೂರಕ್ಕೆ ೨೫, ಕಬ್ಬಿಣ ಹಾಕಿದ ಎಂ ೨೫ ವರೆಗಿನ ಕಾಂಕ್ರೀಟಿನಲ್ಲಿ ನೂರಕ್ಕೆ ೨೦, ಬಡ ಕಾಂಕ್ರೀಟಿನಲ್ಲಿ ಪೂರ್ತಿ ನೂರು. ಇಟ್ಟಿಗೆ ಬೆರೆತ ಮಾಲಿಗೆ ಬಡ ಕಾಂಕ್ರೀಟಿನಲ್ಲಿ ಮಾತ್ರ ಜಾಗ. ಈ ಮಿತಿಗಳು ಹೆದರಿಸುವುದಕ್ಕಲ್ಲ, ದಾರಿ ತೋರಿಸುವುದಕ್ಕೆ.

ಸಂಶೋಧನೆಯೂ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ 'ಅಸ್ತ್ರ' ಎಂಬ ಹೆಸರಿನಲ್ಲಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಕೇಂದ್ರವೊಂದು ಹುಟ್ಟಿತು. ಮಣ್ಣಿನ ಇಟ್ಟಿಗೆಯ ಯಂತ್ರಗಳಿಂದ ಅದು ಹೆಸರಾಯಿತು. ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂದು ಕರೆಯಲ್ಪಡುವ ಅದೇ ವಿಭಾಗದವರು, ಕೆಡವಿದ ಕಟ್ಟಡದ ಪುಡಿ ಸೇರಿಸಿದ ಗಾರೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಉಣಿಸಿದರೆ ಅದರ ಬಲ ನೂರಕ್ಕೆ ೨೦ರಿಂದ ೨೨ರಷ್ಟು ಏರುವುದೆಂದು ೨೦೨೪ರಲ್ಲಿ ತಿಳಿಸಿದರು. ಕಾರ್ಖಾನೆಯ ಹೊಗೆಯನ್ನು ಗೋಡೆಯಲ್ಲಿ ಕೂಡಿಹಾಕುವ ವಿದ್ಯೆಯಿದು. ಅದು ನಮ್ಮ ಊರಿಗೆ ಬರಲು ಕಾಲ ಬೇಕು. ಜರಡಿ, ನೀರು ಮತ್ತು ತಾಳ್ಮೆ ಮಾತ್ರ ಇಂದೇ ನಮ್ಮಲ್ಲಿವೆ.

ಕಾನೂನು ಕಾಗದದಲ್ಲಿ

ದೇಶದಲ್ಲಿ ವರ್ಷಕ್ಕೆ ಸುಮಾರು ೧೫ ಕೋಟಿ ಟನ್ ಕಟ್ಟಡ ತ್ಯಾಜ್ಯ ಹುಟ್ಟುತ್ತದೆಂಬ ಅಂದಾಜಿದೆ. ಅದರಲ್ಲಿ ಮತ್ತೆ ಬಳಕೆಗೆ ಸಿದ್ಧವಾಗುತ್ತಿದ್ದುದು ನೂರಕ್ಕೆ ಒಂದು ಪಾಲು ಮಾತ್ರವೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ೨೦೨೦ರಲ್ಲಿ ಹೇಳಿತು. ದೇಶದ ಮೊದಲ ದೊಡ್ಡ ಘಟಕ ದೆಹಲಿಯ ಬುರಾರಿಯಲ್ಲಿ ೨೦೦೯ರಲ್ಲೇ ಆರಂಭವಾಗಿತ್ತು. ಆದರೂ ಹನ್ನೊಂದು ವರ್ಷಗಳಲ್ಲಿ ನಾವು ನಡೆದ ದೂರ ಇಷ್ಟೇ.

೨೦೧೬ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ಕಟ್ಟಡ ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ದಿನಕ್ಕೆ ೨೦ ಟನ್ನಿಗಿಂತ ಹೆಚ್ಚು, ಅಥವಾ ಒಂದು ಕಾಮಗಾರಿಯಲ್ಲಿ ತಿಂಗಳಿಗೆ ೩೦೦ ಟನ್ನಿಗಿಂತ ಹೆಚ್ಚು ತ್ಯಾಜ್ಯ ಹುಟ್ಟಿಸುವವರು ಅದನ್ನು ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ಬೇರ್ಪಡಿಸಿ ಕೊಡಬೇಕೆಂದು ಅವು ವಿಧಿಸಿದ್ದವು. ಸರಕಾರಿ ಮತ್ತು ಪುರಸಭೆಯ ಕಾಮಗಾರಿಗಳಲ್ಲಿ ನೂರಕ್ಕೆ ೧೦ರಿಂದ ೨೦ರಷ್ಟು ಇಂಥ ಮಾಲನ್ನು ಬಳಸಬೇಕೆಂದೂ ಇತ್ತು. ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಸಿದ್ಧತೆಗೆ ಕೊಟ್ಟ ಗಡುವು ಮೂರು ವರ್ಷ. ೨೦೧೧ರ ಜನಗಣತಿಯಲ್ಲಿ ಹಿಂದೂಪುರದ ಜನಸಂಖ್ಯೆ ಒಂದೂವರೆ ಲಕ್ಷ. ಅಂದರೆ ನಮ್ಮಂಥ ಊರುಗಳ ಗಡುವು ೨೦೧೯ಕ್ಕೇ ಮುಗಿದಿದೆ. ತ್ಯಾಜ್ಯ ಹಾಕುವ ಜಾಗ ಎಲ್ಲಿ, ಅದನ್ನು ಅರೆಯುವ ಯಂತ್ರ ಎಲ್ಲಿ ಎಂದು ಪ್ರತಿಯೊಬ್ಬ ಓದುಗರೂ ತಮ್ಮ ಊರಿನ ಪುರಸಭೆಯನ್ನು ಕೇಳಬಹುದು, ಕೇಳಬೇಕು.

ಆ ನಿಯಮಗಳ ಸ್ಥಾನದಲ್ಲಿ ೨೦೨೫ರಲ್ಲಿ ಹೊಸ ನಿಯಮಗಳು ಪ್ರಕಟವಾದವು. ಅವು ಜಾರಿಗೆ ಬರುವ ದಿನ ೨೦೨೬ರ ಏಪ್ರಿಲ್ ೧ ಎಂದು ಗೊತ್ತುಮಾಡಲಾಯಿತು. ೨೦,೦೦೦ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು ಕಟ್ಟುವವರ ಮೇಲೆ ತ್ಯಾಜ್ಯದ ಹೊಣೆಯನ್ನು ಅವು ನೇರವಾಗಿ ಹೊರಿಸುತ್ತವೆ. ದೊಡ್ಡವರನ್ನು ಹಿಡಿದದ್ದು ಸರಿಯೇ. ಆದರೆ ನಮ್ಮ ಕಡೆ ಬೀಳುವ ಗೋಡೆಗಳು ಸಣ್ಣ ಮನೆಯ ಗೋಡೆಗಳು, ಹೆದ್ದಾರಿ ಅಗಲವಾದಾಗ ಒಡೆಯುವ ಅಂಗಡಿಯ ಗೋಡೆಗಳು. ಆ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಆರಿಸುವ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಕೆಡವಿ ನೋಡು ಎಂದು ಹೇಳಿದವರಿಲ್ಲ. ಕೆಡವುವ ಕೆಲಸವನ್ನು ನಮ್ಮ ಸಮಾಜ ಕೆಲಸವೆಂದೇ ಎಣಿಸಿಲ್ಲ. ಕಟ್ಟುವಾಗ ಮೇಸ್ತ್ರಿಯುಂಟು, ಕಸುಬಿನ ಹೆಸರುಂಟು, ಅದಕ್ಕೆ ತಕ್ಕ ಕೂಲಿಯುಂಟು. ಕೆಡವುವಾಗ ಎಲ್ಲರೂ ಬರೀ ಆಳುಗಳು. ಅದರಲ್ಲೂ ಸುತ್ತಿಗೆ ಹಿಡಿದು ಇಟ್ಟಿಗೆಯ ಗಾರೆ ಬಿಡಿಸುವುದು, ಕಬ್ಬಿಣ ಹೆಕ್ಕುವುದು, ಚೂರು ಆರಿಸುವುದು ಇವೆಲ್ಲ ಹೆಂಗಸರ ಪಾಲು. ಕೂಲಿಯೂ ಎಲ್ಲರಿಗಿಂತ ಕಡಿಮೆ. ಆದರೆ ಮೇಲೆ ನಾವು ಬರೆದದ್ದನ್ನು ಮತ್ತೊಮ್ಮೆ ಓದಿ ನೋಡಿ. ಜಿಪ್ಸಮ್ಮಿನ ಚೂರು ಯಾವುದು, ಸುಣ್ಣದ ಚೂರು ಯಾವುದು, ಹದ ಸುಟ್ಟ ಇಟ್ಟಿಗೆ ಯಾವುದು, ಉಪ್ಪು ಹತ್ತಿದ ಇಟ್ಟಿಗೆ ಯಾವುದು ಎಂದು ಕಣ್ಣಿನಲ್ಲೇ ಗುರುತಿಸುವವರು ಯಾರು? ಆ ಹೆಂಗಸೇ. ಗಾರೆ ನಿಲ್ಲುವುದೋ ಬಿರಿಯುವುದೋ ಎಂಬುದು ನಿಶ್ಚಯವಾಗುವುದು ಯಂತ್ರದಲ್ಲಲ್ಲ, ಅವಳ ಕೈಯಲ್ಲಿ. ಅದು ಕಸುಬಲ್ಲದೆ ಮತ್ತೇನು?

ಎರಡನೆಯ ಮಹಾಯುದ್ಧ ಮುಗಿದ ೧೯೪೫ರಲ್ಲಿ ಜರ್ಮನಿಯ ಪಟ್ಟಣಗಳು ಇಟ್ಟಿಗೆಯ ಗುಡ್ಡೆಗಳಾಗಿ ಬಿದ್ದಿದ್ದವು. ಆ ಗುಡ್ಡೆಗಳಿಂದ ಇಟ್ಟಿಗೆ ಆರಿಸಿ, ಸುತ್ತಿಗೆಯಿಂದ ಗಾರೆ ಕೆತ್ತಿ ಜೋಡಿಸಿಟ್ಟವರಲ್ಲಿ ಸಾವಿರಾರು ಹೆಂಗಸರಿದ್ದರು. ಆ ದೇಶ ಅವರಿಗೆ ಒಂದು ಹೆಸರು ಕೊಟ್ಟಿತು, ಪಟ್ಟಣಗಳಲ್ಲಿ ಪ್ರತಿಮೆ ನಿಲ್ಲಿಸಿತು. ನಾವು ಪ್ರತಿಮೆ ಕೇಳುತ್ತಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಸಾಲು ಕೇಳುತ್ತಿದ್ದೇವೆ.

ಕೂಲಿಗಿಂತ ದೊಡ್ಡ ಮಾತು ಉಸಿರಿನದು. ಕಲ್ಲು, ಮರಳು, ಕಾಂಕ್ರೀಟು, ಇಟ್ಟಿಗೆ ಇವುಗಳಲ್ಲೆಲ್ಲ ಸಿಲಿಕ ಇದೆ. ಒಣಗಿದ್ದನ್ನು ಅರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟು ಅಪಾಯದ್ದಲ್ಲ. ಕಾಣದೆ ಇರುವುದೇ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ನೆಲೆಸುತ್ತದೆ. ವರ್ಷಗಳ ಮೇಲೆ ಅದು ಸಿಲಿಕೋಸಿಸ್ ಎಂಬ ರೋಗವಾಗುತ್ತದೆ. ಅದನ್ನು ವಾಸಿಮಾಡುವ ಔಷಧಿಯಿಲ್ಲ. ಕ್ಷಯವೂ ಅಂಥವರಿಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಅನೇಕ ವೇಳೆ ವೈದ್ಯರು ಕ್ಷಯವೆಂದೇ ಬರೆದು ಕಳುಹಿಸುತ್ತಾರೆ, ಪರಿಹಾರದ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಕಲ್ಲು ಗಣಿಗಳ ರಾಜಸ್ಥಾನವು ೨೦೧೯ರಲ್ಲಿ ಈ ರೋಗಕ್ಕೆಂದೇ ಒಂದು ನೀತಿಯನ್ನು ಮಾಡಿ, ಗುರುತಿಸಲ್ಪಟ್ಟ ರೋಗಿಗಳಿಗೆ ಸರಕಾರದಿಂದ ನೆರವು ಸಿಗುವಂತೆ ಮಾಡಿತು. ಬಂಡೆಯ ನಾಡಾದ ನಮ್ಮ ಸೀಮೆಗೂ ಅಂಥದು ಬೇಕು.

ಕಾನೂನಿನಲ್ಲಿ ಇವರಿಗೆ ಜಾಗವಿದೆಯೇ? ೧೯೯೬ರ ಕಟ್ಟಡ ಕಾರ್ಮಿಕರ ಕಾಯಿದೆಯಲ್ಲಿ ಕಟ್ಟುವುದರ ಜೊತೆಗೆ ಕೆಡವುವುದನ್ನೂ ಕಟ್ಟಡ ಕೆಲಸವೆಂದೇ ಹೇಳಿತ್ತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಅದು ಹಾಗೆಯೇ ಮುಂದುವರಿದಿದೆ. ಆದರೆ 'ಆದರೆ' ಎಂಬ ಪದ ಅಲ್ಲಿಯೂ ಇದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಾಮಗಾರಿ ಹೊರಗೆ. ಸ್ವಂತ ವಾಸಕ್ಕೆಂದು ಐವತ್ತು ಲಕ್ಷ ರೂಪಾಯಿಯೊಳಗೆ ಕಟ್ಟಿಸುವ ಮನೆ ಹೊರಗೆ. ಪುಡಿ ಮಾಡುವ ಗಿರಣಿ ಕಾರ್ಖಾನೆಯೆನಿಸಿಕೊಳ್ಳಬೇಕಾದರೆ ವಿದ್ಯುತ್ ಬಳಸುವ ಕಡೆ ಇಪ್ಪತ್ತು ಜನ ಇರಬೇಕು. ಹಿಂದೆ ಹತ್ತು ಜನರಿದ್ದರೆ ಸಾಕಾಗಿತ್ತು. ಎಂಟು ಜನರ ಒಂದು ಸಣ್ಣ ಗಿರಣಿಯಲ್ಲಿ ಚೂರು ಆರಿಸುವ ಹೆಂಗಸು ಅತ್ತ ಕಾರ್ಖಾನೆಯ ಕಾರ್ಮಿಕಳೂ ಅಲ್ಲ, ಇತ್ತ ಕಟ್ಟಡ ಕಾರ್ಮಿಕಳೂ ಅಲ್ಲ. ಎರಡು ಚಾಪೆಗಳ ನಡುವಿನ ಬರಿನೆಲದಲ್ಲಿ ಮಲಗಿದಂತೆ ಅವಳ ಬಾಳು.

ಕೇಳಿಬರುವ ಆಕ್ಷೇಪಗಳು

ಬಡವರ ಮನೆಗೆ ಕಸದ ಗಾರೆಯೇ, ಸಿರಿವಂತರ ಮನೆಗೆ ಹೊಳೆಯ ಮರಳೇ ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ನೋವಿದೆ, ನ್ಯಾಯವೂ ಇದೆ. ಸರಕಾರದ ಮನೆಗಳೆಂದು ಕಟ್ಟಿಕೊಟ್ಟವು ಸೋರಿದ್ದನ್ನು ಕಂಡವರ ಬಾಯಲ್ಲಿ ಈ ಮಾತು ಬಾರದೆ ಇರದು. ಆದುದರಿಂದ ಈ ಗಾರೆಯ ಪ್ರಯೋಗ ಕಾಲೊನಿಯ ಮನೆಗಳಿಂದ ಆರಂಭವಾಗಬಾರದು. ಸರಕಾರಿ ಕಚೇರಿಯ ಆವರಣದಿಂದ, ಪುರಸಭೆಯ ಗೋಡೆಯಿಂದ, ನಮ್ಮವೇ ಸಭಾಭವನಗಳಿಂದ ಆರಂಭವಾಗಲಿ. ಎರಡು ಮಳೆಗಾಲ ಅಲ್ಲಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಬಡವನು ತಾನಾಗಿಯೇ ಕೇಳಿ ಪಡೆಯುತ್ತಾನೆ.

ಅರೆದು ಸಾಗಿಸುವ ಖರ್ಚು ಮರಳಿಗಿಂತ ಹೆಚ್ಚಾಗದೇ ಎಂಬುದು ಇನ್ನೊಂದು ಪ್ರಶ್ನೆ. ದೂರ ಸಾಗಿಸಿದರೆ ಖಂಡಿತವಾಗಿ ಹೆಚ್ಚಾಗುತ್ತದೆ. ನೂರು ಕಿಲೋಮೀಟರಿನ ಆಚೆಯ ದೊಡ್ಡ ಕಾರ್ಖಾನೆಗೆ ಹೊತ್ತು ಹಾಕಿ ಮತ್ತೆ ಹೊತ್ತು ತರುವುದು ಲಾರಿಯವನಿಗೆ ಲಾಭ, ಉಳಿದವರಿಗೆಲ್ಲ ನಷ್ಟ. ಬಿದ್ದ ಗೋಡೆಯ ಸಮೀಪದಲ್ಲೇ ಅರೆದರೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಸಣ್ಣ ಊರುಗಳಿಗೆ ಸಣ್ಣ ಗಿರಣಿ ಎಂಬ ನಮ್ಮ ಮಾತಿಗೆ ಇದೂ ಒಂದು ಕಾರಣ.

ಯಂತ್ರ ಬಂದರೆ ಕೂಲಿ ಹೋಗುವುದಿಲ್ಲವೇ ಎಂಬುದು ಮೂರನೆಯದು. ಸುತ್ತಿಗೆಯಿಂದ ಚೂರು ಒಡೆದು ಧೂಳು ಕುಡಿಯುವ ಕೂಲಿ ಹೋದರೆ ಹೋಗಲಿ, ಅದಕ್ಕಾಗಿ ನಾವು ಅಳುವುದಿಲ್ಲ. ಒಡೆಯುವುದನ್ನು ಯಂತ್ರ ಮಾಡಲಿ. ಆರಿಸುವುದು, ಜರಡಿ ಹಿಡಿಯುವುದು, ಪರೀಕ್ಷಿಸುವುದು, ಮಾರುವುದು ಕಾರ್ಮಿಕರ ಕೈಯಲ್ಲಿರಲಿ.

ನಮ್ಮ ಕೋರಿಕೆ

ಮೊದಲನೆಯದಾಗಿ, ಕೆಡವುವ ಗುತ್ತಿಗೆಯ ಕಾಗದದಲ್ಲೇ ಆರಿಸುವ ಕೂಲಿಯನ್ನು ಬೇರೆಯಾಗಿ ನಮೂದಿಸಬೇಕು, ಅದನ್ನು ಕಸುಬಿನ ಕೂಲಿಯೆಂದು ಎಣಿಸಬೇಕು. ಗೋಡೆಯನ್ನು ಯಂತ್ರದಿಂದ ಒಂದೇ ಸಲ ಕೆಡವದೆ, ಬಾಗಿಲು-ಕಿಟಕಿ, ಒಳಸೂರು, ಶೀಟು ಇವುಗಳನ್ನು ಮೊದಲು ಬಿಚ್ಚಿ ಬೇರೆ ಹಾಕಿದರೆ ಅರ್ಧ ಆರಿಸುವ ಕೆಲಸ ಅಲ್ಲೇ ಮುಗಿಯುತ್ತದೆ.

ಎರಡನೆಯದಾಗಿ, ಒಣಗಿದ್ದನ್ನು ಅರೆಯುವುದು ನಿಲ್ಲಬೇಕು. ನೀರು ಚಿಮುಕಿಸದ, ಮುಚ್ಚಳವಿಲ್ಲದ ಗಿರಣಿಗೆ ಪುರಸಭೆ ಪರವಾನಗಿ ಕೊಡಬಾರದು. ನೀರಿಲ್ಲದ ಸೀಮೆಯಲ್ಲಿ ಇದು ಹೇಗೆಂದು ಕೇಳಬಹುದು. ಧೂಳು ಅಡಗಿಸಲು ಕುಡಿಯುವ ನೀರು ಬೇಡ, ಪಾತ್ರೆ ಬಟ್ಟೆ ತೊಳೆದ ನೀರು ಸಾಕು. ಗಾರೆ ಕಲಸಲು ಮಾತ್ರ ಶುದ್ಧ ನೀರು ಬೇಕು. ಮುಖಕ್ಕೆ ಸೀರೆಯ ಸೆರಗು ಸುತ್ತಿಕೊಂಡರೆ ಸಾಲದು, ಸಣ್ಣ ಧೂಳು ಅದರೊಳಗೆ ನುಸುಳುತ್ತದೆ. ತಕ್ಕ ಮುಖವಾಡವನ್ನು ಕೆಲಸ ಕೊಡುವವನೇ ಒದಗಿಸಬೇಕು. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಬೇಕು.

ಮೂರನೆಯದಾಗಿ, ಹಿಂದೂಪುರದಂಥ ಊರುಗಳಲ್ಲಿ ಈ ಕೆಲಸವನ್ನು ಕಾರ್ಮಿಕರ ಸಹಕಾರ ಸಂಘಗಳಿಗೆ ವಹಿಸಬೇಕು. ಜಾಗ ಪುರಸಭೆಯದು, ಯಂತ್ರ ಸಾಲದ ಮೇಲೆ, ದುಡಿಮೆ ಸಂಘದ್ದು. ತಯಾರಾದ ಪುಡಿಯನ್ನು ಕೊಳ್ಳುವವರು ಬೇಕು. ಸರಕಾರಿ ಕಾಮಗಾರಿಯೇ ಮೊದಲ ಗಿರಾಕಿಯಾಗಲಿ. ಸಂಘದ ಕಾಗದವಿದ್ದರೆ ಎಂಟು ಜನರಿಗೂ ಹಾಜರಿ ಇರುತ್ತದೆ. ಹಾಜರಿ ಇದ್ದರೆ ಕಲ್ಯಾಣ ಮಂಡಳಿಯ ಬಾಗಿಲು ತಟ್ಟಬಹುದು.

ನಾಲ್ಕನೆಯದು ನಮ್ಮ ಮೇಸ್ತ್ರಿ ಬಂಧುಗಳಿಗೆ. ಯಾರೋ ಹೇಳಿದರೆಂದು ನಂಬಬೇಡಿ, ಯಾರೋ ನಕ್ಕರೆಂದು ಬಿಡಲೂಬೇಡಿ. ನಾಲ್ಕರಲ್ಲಿ ಒಂದು ಪಾಲು ಪುಡಿ ಸೇರಿಸಿ, ಹಿತ್ತಲ ಗೋಡೆಯಲ್ಲಿ ಒಂದು ಗಜ ಕಟ್ಟಿ ನೋಡಿ. ಪಕ್ಕದಲ್ಲೇ ಹಳೆಯ ರೀತಿಯ ಗಾರೆಯಲ್ಲಿ ಇನ್ನೊಂದು ಗಜ ಕಟ್ಟಿ. ಎರಡಕ್ಕೂ ಒಂದೇ ಸಮನೆ ನೀರುಣಿಸಿ. ತಿಂಗಳು ಕಳೆದ ಮೇಲೆ ಮೊಳೆಯಿಂದ ಕೆರೆದು ನೋಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ನೋಡಿ. ಗೋಡೆ ಸುಳ್ಳು ಹೇಳುವುದಿಲ್ಲ.

ನಮ್ಮ ಕೈಗಳು ಇದುವರೆಗೆ ಬೇರೆಯವರ ಗೋಡೆಗಳನ್ನು ಕಟ್ಟಿವೆ, ಬೇರೆಯವರ ಗೋಡೆಗಳನ್ನು ಕೆಡವಿವೆ. ಎರಡರ ನಡುವೆ ಬಿದ್ದ ರಾಶಿಯಲ್ಲಿ ನಮಗೂ ಒಂದು ಪಾಲಿದೆಯೆಂದು ನಾವು ಹೇಳಬೇಕಾದ ಕಾಲ ಬಂದಿದೆ. ರಾಶಿಯ ಬೆಲೆ ಈಗ ತಾನೇ ಲೋಕಕ್ಕೆ ತಿಳಿಯುತ್ತಿದೆ. ಬೆಲೆ ತಿಳಿದ ಮರುದಿನವೇ ಅದಕ್ಕೆ ಒಡೆಯರು ಹುಟ್ಟಿಕೊಳ್ಳುತ್ತಾರೆ. ಅದಕ್ಕೆ ಮೊದಲೇ ಆರಿಸುವ ಕೈಯ ಕೂಲಿಯನ್ನೂ ಅದರ ಉಸಿರನ್ನೂ ಲೆಕ್ಕದಲ್ಲಿ ಬರೆಸಿಕೊಳ್ಳೋಣ.